ನೀಲಕ್ಕ ಕುದಿಸಿ ಇಳಿಸಿದ ನೀರು

ಕರಲಕೊಪ್ಪದಲ್ಲಿ ಚಹಾ ಒಡೆಯುತ್ತದೆ. ಹಾಲು ಕೆಟ್ಟದ್ದಕ್ಕಲ್ಲ. ಆಗಷ್ಟೇ ಕರೆದ ಎಮ್ಮೆಯ ಹಾಲಾದರೂ ಅಷ್ಟೇ, ಊರ ಬೋರಿನ ನೀರಿಗೆ ಬಿತ್ತೋ ಮುಗಿಯಿತು, ಕುದಿ ಬರುವಷ್ಟರಲ್ಲಿ ಗಡ್ಡೆ ಗಡ್ಡೆ. ನವಲಗುಂದ ತಾಲೂಕಿನ ಎರೆ ಹೊಲಗಳ ನಡುವೆ ಕುಳಿತ ಈ ಊರಿನ ನೆಲದೊಳಗೆ ದೇವರು ನೀರನ್ನೇನೋ ಇಟ್ಟಿದ್ದಾನೆ, ಇಡುವಾಗ ಉಪ್ಪಿನ ಡಬ್ಬಿ ಕೈಜಾರಿರಬೇಕು. ಸಾಬೂನು ನೊರೆ ಬಿಡುವುದಿಲ್ಲ. ತೊಗರಿಬೇಳೆ ಮಧ್ಯಾಹ್ನದವರೆಗೆ ಕುದಿದರೂ ಬೇಳೆಯಾಗಿಯೇ ಉಳಿಯುತ್ತದೆ. ಬಚ್ಚಲ ಹಂಡೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಹಕ್ಕಳೆ. ಮಳೆಗಾಲದಿಂದ ಯುಗಾದಿಯವರೆಗೆ ಕೆರೆಯ ನೀರು ಕುಡಿದು ಹೇಗೋ ಸಾಗುತ್ತದೆ. ಯುಗಾದಿ ಮುಗಿದು ಕೆರೆ ತಳ ಕಂಡಿತೆಂದರೆ ಕುಡಿಯುವುದಕ್ಕೂ ಬೋರೇ ಗತಿ.

ಅಂಥ ಊರಿನ ಶಾಲೆಯಲ್ಲಿ ನೀಲಕ್ಕ ಹತ್ತೊಂಬತ್ತು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಏಳನೆಯ ಇಯತ್ತೆ ಓದಿದವಳು, ವಯಸ್ಸು ಐವತ್ನಾಲ್ಕು, ಮಾತು ಒರಟು, ಕೈ ಹದವಾದದ್ದು. ನೂರಾ ನಲವತ್ತು ಮಕ್ಕಳ ಸಾರಿಗೆ ಅವಳು ಉಪ್ಪು ಹಾಕುವುದನ್ನು ನೋಡಬೇಕು. ಡಬ್ಬಿಗೆ ಕೈ ಹಾಕಿ, ಮುಷ್ಟಿ ತುಂಬಿ, ಮತ್ತೆ ಅದರಲ್ಲಿ ಎರಡು ಪಾಲು ಡಬ್ಬಿಗೇ ಬಿಟ್ಟು, ಉಳಿದದ್ದನ್ನು ಡಬರಿಗೆ ಬೀಸುತ್ತಿದ್ದಳು. ನಾಲಿಗೆಗೆ ಹಚ್ಚಿ ನೋಡುವ ಪದ್ಧತಿಯೇ ಇಲ್ಲ. ಕಲಘಟಗಿ ಕಡೆಯ ಸಿಹಿನೀರಿನ ಊರುಗಳಿಂದ ಸೊಸೆಯಾಗಿ ಬಂದ ಹುಡುಗಿಯರು ಮೊದಲ ವಾರ ತವರಿನ ಅಳತೆಯಲ್ಲಿ ಉಪ್ಪು ಹಾಕಿ ಅತ್ತೆಯ ಕೈಲಿ ಬೈಸಿಕೊಂಡು ಅಳುತ್ತ ನೀಲಕ್ಕನ ಹತ್ತಿರವೇ ಬರುತ್ತಿದ್ದರು.

“ಅಳಬ್ಯಾಡವಾ,” ಎನ್ನುತ್ತಿದ್ದಳು ನೀಲಕ್ಕ. “ಮೂರರಾಗ ಒಂದಽ ಪಾಲು ಹಾಕು. ಉಳದ ಎರಡು ಪಾಲು ಭೂಮ್ತಾಯಿ ಮೊದಲಽ ಹಾಕ್ಯಾಳ.”

ಹೀಗೆ ಊರಿನ ಅರ್ಧ ಮನೆಗಳು ಉಪ್ಪಿನ ಅಳತೆಯನ್ನು ನೀಲಕ್ಕನ ಕೈಯಿಂದ ಕಲಿತದ್ದು. ಇದು ಅವಳ ಹೆಮ್ಮೆ. ಬೇರೆ ಹೆಮ್ಮೆ ಪಡುವಂಥದ್ದು ಅವಳಿಗೆ ಹೆಚ್ಚೇನೂ ಸಿಕ್ಕಿರಲಿಲ್ಲ, ಯಾಕೆಂದರೆ ಮನೆಯ ಪಾಲಿನ ಹೆಮ್ಮೆಯನ್ನೆಲ್ಲ ಗಂಡ ಶಂಭುಲಿಂಗಪ್ಪ ಒಬ್ಬನೇ ಪಡೆದು ಮುಗಿಸಿದ್ದ.

ಶಂಭುಲಿಂಗಪ್ಪನ ವಿದ್ಯೆ ಉಪವಾಸ. ಎಂಟು ಎಕರೆ ಹೊಲ ಇತ್ತು, ಅದನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಇವನು ಅನ್ಯಾಯವನ್ನು ನೋಡಿಕೊಳ್ಳುತ್ತಿದ್ದ. ಬಸ್ಸು ಊರೊಳಗೆ ಬರುವುದಿಲ್ಲವೆಂದು ಒಂದು ಉಪವಾಸ, ಬಂದ ಬಸ್ಸು ನಿಲ್ಲುವುದಿಲ್ಲವೆಂದು ಇನ್ನೊಂದು. ಹಳ್ಳದ ಸೇತುವೆಗೆ ಒಂದು, ಬೆಳೆವಿಮೆಗೆ ಮೂರು. ಏಳನೆಯದು ಯಾತಕ್ಕೆಂದು ಅವನಿಗೇ ಈಗ ನೆನಪಿಲ್ಲ. ಹನ್ನೊಂದೂ ‘ಆಮರಣ’ ಉಪವಾಸಗಳೇ, ಹನ್ನೊಂದೂ ಎರಡನೆಯ ದಿನದ ಇಳಿಹೊತ್ತಿಗೆ ಯಾರಾದರೊಬ್ಬ ದೊಡ್ಡ ಮನುಷ್ಯನ ಕೈಯ ಲಿಂಬೆಹಣ್ಣಿನ ಶರಬತ್ತಿನಲ್ಲಿ ಮುಗಿದಂಥವು. ಪಡಸಾಲೆಯ ಗೋಡೆಯ ಮೇಲೆ ಹನ್ನೊಂದು ಫೋಟೋ. ಎಲ್ಲದರಲ್ಲೂ ಶಂಭುಲಿಂಗಪ್ಪ ಕಣ್ಣು ಅರ್ಧ ಮುಚ್ಚಿ ಗ್ಲಾಸಿಗೆ ತುಟಿ ಹಚ್ಚಿದ್ದಾನೆ.

“ಮದಿವಿ ಫೋಟೋ ಒಂದೂ ಇಲ್ಲ ಈ ಮನ್ಯಾಗ,” ಎಂದು ನೀಲಕ್ಕ ಬಂದವರಿಗೆ ತೋರಿಸುತ್ತಿದ್ದಳು. “ಶರಬತ್ತಿನ ಫೋಟೋ ನೋಡ್ರಿ, ಜೋಳದ ತೆನಿ ಕಟ್ಟಿದಂಗ ಸಾಲಾಗಿ ಅದಾವು.”

ಗಂಡ ಹೊರಗೆ ಉಪವಾಸ ಕೂತರೆ ಒಳಗೆ ಹೆಂಡತಿ ಒಗ್ಗರಣೆ ಹಾಕುವ ಹಾಗಿರಲಿಲ್ಲ. ಸಾಸಿವೆ ಸಿಡಿದ ವಾಸನೆ ಪೆಂಡಾಲಿನವರೆಗೆ ಹೋದರೆ ಹೋರಾಟಕ್ಕೆ ಅಪಚಾರವಂತೆ. ಆ ಎರಡು ದಿನ ನೀಲಕ್ಕ ತಂಗಳ ರೊಟ್ಟಿ ಮುರಿದು ಮೊಸರಿನಲ್ಲಿ ಅದ್ದಿ ತಿಂದು, ಗಂಡನ ಹೋರಾಟಕ್ಕೆ ಅವನಿಗಿಂತ ಹೆಚ್ಚು ಬೆಂಬಲ ಕೊಡುತ್ತಿದ್ದಳು.

ಹನ್ನೆರಡನೆಯ ಉಪವಾಸದ ವಿಷಯ ಮಾತ್ರ ಬೇರೆ. ಅದಕ್ಕೆ ನಿಜವಾದ ಕಾರಣವಿತ್ತು.

ಪಂಚಾಯಿತಿ ಕಟ್ಟಡದ ಬಾಜು ಒಂದು ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿದ್ದರು. ನೀಲಿ ಬಣ್ಣ, ಸ್ಟೀಲಿನ ನಳ, ಒಳಗೆ ಉಪ್ಪು ಸೋಸುವ ಯಂತ್ರ. ಕಟ್ಟಿ ಹದಿನಾಲ್ಕು ತಿಂಗಳಾದರೂ ಬಾಗಿಲಿಗೆ ಬೀಗ. ಯಾಕೆಂದರೆ ಉದ್ಘಾಟನೆ ಆಗಿಲ್ಲ. ಉದ್ಘಾಟನೆ ಯಾಕಾಗಿಲ್ಲವೆಂದರೆ ಕಲ್ಲಿನ ಮೇಲೆ ಕೆತ್ತಿಸಿದ್ದ ಹೆಸರುಗಳವರು ಚುನಾವಣೆಯಲ್ಲಿ ಸೋತರು. ಹೊಸ ಕಲ್ಲು ಕೆತ್ತಿಸಿದರೆ ಗೆದ್ದವರ ಇನಿಷಿಯಲ್ ತಪ್ಪಿತು. ಮೂರನೆಯ ಕಲ್ಲು ಕೂತಿದೆ, ಈಗ ದೊಡ್ಡವರಿಗೆ ತಾರೀಖು ಕೂಡುತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವುದು ಇದಕ್ಕೇ. ಬೀಗದಕೈ ತಾಲೂಕಿನ ಇಂಜಿನಿಯರ್ ಹೇಮಂತ ಸಾಹೇಬರ ಹತ್ತಿರ ಇತ್ತು. ಸಾಹೇಬರು ಕೇಳಿದವರಿಗೆಲ್ಲ ಒಂದು ಪ್ರಮಾಣಪತ್ರ ಕೊಡುತ್ತಿದ್ದರು: “ಕರಲಕೊಪ್ಪ ಗ್ರಾಮದ ಕೊಳವೆಬಾವಿಯ ನೀರನ್ನು ಪರೀಕ್ಷಿಸಲಾಗಿದ್ದು, ಅದರಲ್ಲಿ ಉಪ್ಪಿನ ದೋಷ ಕಂಡುಬಂದಿರುವುದಿಲ್ಲ. ಸದರಿ ನೀರು ಕುಡಿಯಲು ಯೋಗ್ಯವಾಗಿರುತ್ತದೆ.” ಯೋಗ್ಯವಾದ ನೀರನ್ನು ಸೋಸಲು ಘಟಕ ಯಾಕೆ ಕಟ್ಟಿದಿರಿ ಎಂದು ಕೇಳುವ ಹಾಗಿರಲಿಲ್ಲ, ಅದು ಬೇರೆ ಫೈಲು.

ಏಪ್ರಿಲ್ ಬಂತು, ಕೆರೆ ಬತ್ತಿತು, ಮಕ್ಕಳು ಬೋರಿನ ನೀರು ಕುಡಿದು ಹೊಟ್ಟೆ ಹಿಡಿದುಕೊಂಡರು. ಶಂಭುಲಿಂಗಪ್ಪ ಘಟಕದ ಎದುರಿಗೇ ಉಪವಾಸ ಕೂತ. ಪೆಂಡಾಲು ಹಾಕಿಸಿದವನು ಗೊಬ್ಬರದಂಗಡಿಯ ಸುಭಾಸ. ಊರಿನಲ್ಲಿ ಯಾವ ಸಮಿತಿ ಹುಟ್ಟಿದರೂ ಅದಕ್ಕೆ ಅಧ್ಯಕ್ಷನಾಗಿಯೇ ಹುಟ್ಟುವ ನಲವತ್ತರ ಗಂಡಸು. ಸಾಹೇಬರ ಪ್ರಮಾಣಪತ್ರವನ್ನು ಅವನು ಬಾಗಿಲಷ್ಟು ದೊಡ್ಡದಾಗಿ ಫ್ಲೆಕ್ಸ್ ಹಾಕಿಸಿ, “ಇದು ಸುಳ್ಳು” ಎಂದು ಕೆಳಗೆ ಬರೆಸಿ ಪೆಂಡಾಲಿನ ಹಿಂದೆ ತೂಗುಹಾಕಿದ.

ಆ ದಿನ ಜನ ಸೇರಿದ್ದನ್ನು ನೋಡಿ ಶಂಭುಲಿಂಗಪ್ಪನಿಗೆ ಏನು ಆವೇಶ ಬಂತೋ! ಎದ್ದು ನಿಂತು, ಕೊರಳಿನ ಲಿಂಗವನ್ನು ಮುಟ್ಟಿ ಹೇಳಿಬಿಟ್ಟ:

“ಈ ಬೀಗ ತಗಿಯೂತನಕ ನೀರೊಂದು ಬಿಟ್ಟು ಏನೂ ಮುಟ್ಟಂಗಿಲ್ಲ. ನಮ್ಮೂರ ನೀರಿನ ಉಪ್ಪು ಹೋಗೂತನಕ ಉಪ್ಪಿನ ಹಳ್ಳು ಈ ನಾಲಿಗಿ ಮ್ಯಾಲ ಬೀಳಂಗಿಲ್ಲ. ಲಿಂಗದಾಣಿ!”

ಗುಂಪಿನಲ್ಲಿದ್ದ ನೀಲಕ್ಕ ಹೆದರಿದಳು. ಹನ್ನೊಂದು ಉಪವಾಸದಲ್ಲಿ ಒಮ್ಮೆಯೂ ಈ ಮನುಷ್ಯ ಲಿಂಗ ಮುಟ್ಟಿದವನಲ್ಲ. ಮಾತು ತಪ್ಪುವುದರಲ್ಲಿ ಶಂಭುಲಿಂಗಪ್ಪನಿಗೆ ಯಾವ ಮುಜುಗರವೂ ಇರಲಿಲ್ಲ, ಆದರೆ ಲಿಂಗ ಮುಟ್ಟಿ ಆಡಿದ್ದನ್ನು ಮಾತ್ರ ಅವನು ತಪ್ಪುವವನಲ್ಲ. ಇದು ಅವಳಿಗೆ ಗೊತ್ತಿತ್ತು. ಹತ್ತಿರ ಹೋಗಿ ಮೆಲ್ಲಗೆ, “ಎಷ್ಟು ದಿನಾ ಅಂತೇಳಿ ಲಿಂಗ ಮುಟ್ಟಿದ್ರಿ?” ಎಂದಳು.

“ನೀ ಸುಮ್ನ ಮನಿಗೆ ಹೋಗು,” ಎಂದ ಹೋರಾಟಗಾರ.

ಈಗ ನೋಡಿ, ಉಪವಾಸಕ್ಕೆ ಬೆಂಬಲ ಕೊಡಲು ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ, ಫೋಟೋ ಬೇಕು. ಫೋಟೋದಲ್ಲಿ ಏನಾದರೂ ಕೊಡುತ್ತಿರಬೇಕು. ಶರಬತ್ತು ಕೊಟ್ಟರೆ ಉಪವಾಸವೇ ಮುಗಿದುಹೋಗುತ್ತದೆ. ಆದ್ದರಿಂದ ಎಲ್ಲರೂ ನೀರು ಕೊಟ್ಟರು. ಸುಭಾಸ ನವಲಗುಂದದಿಂದ ಸೀಲು ಮಾಡಿದ ಬಾಟಲಿಗಳ ಡಬ್ಬಗಳನ್ನು ತರಿಸಿ ಒಟ್ಟಿದ್ದ. ಅಗದಿ ಶುದ್ಧ ನೀರು, ಉಪ್ಪಿನ ಸುಳಿವೂ ಇಲ್ಲ. ಸ್ತ್ರೀಶಕ್ತಿ ಸಂಘ ಬಂತು, ಒಂದು ಗ್ಲಾಸು. ನಿವೃತ್ತ ಮಾಸ್ತರರು ಬಂದರು, ಒಬ್ಬೊಬ್ಬರು ಒಂದೊಂದು ಗ್ಲಾಸು. ಭಜನಾ ಮಂಡಳಿಯಲ್ಲಿ ಹದಿಮೂರು ಜನ. ಫೋಟೋದಲ್ಲಿ ಕಣ್ಣು ಮುಚ್ಚಿತೆಂದು ಇನ್ನೊಮ್ಮೆ ತೆಗೆಸಿಕೊಂಡವರದು ಎರಡೆರಡು ಗ್ಲಾಸು.

“ಕುಡೀರಿ ಕಾಕಾ, ನೀರು ಎಷ್ಟು ಕುಡದ್ರ ಅಷ್ಟು ಚಲೋ. ಮೈ ಶುದ್ಧ ಆಕ್ಕತಿ ಅಂತ ಮೊಬೈಲ್‌ನಾಗ ಬಂದೈತಿ,” ಎಂದು ಸುಭಾಸ ಹುರಿದುಂಬಿಸಿದ.

ಮೇಲೆ ನಲವತ್ತು ಡಿಗ್ರಿ ಬಿಸಿಲು, ಅದರ ಕೆಳಗೆ ಪೆಂಡಾಲಿನ ಕಾದ ತಗಡು. ಶಂಭುಲಿಂಗಪ್ಪ ಬೆವರು ಹರಿಸುತ್ತ, ನೀರು ಕುಡಿಯುತ್ತ, ಮತ್ತೆ ಬೆವರು ಹರಿಸುತ್ತ ಕೂತ. ಎರಡನೆಯ ದಿನದ ಇಳಿಹೊತ್ತಿಗೆ ರೂಢಿಯಂತೆ ಬರಬೇಕಾದ ದೊಡ್ಡ ಮನುಷ್ಯ ಬರಲಿಲ್ಲ, ಅವನಿಗೂ ತಾರೀಖು ಕೂಡಿರಲಿಲ್ಲ. ಮೂರನೆಯ ದಿನ ಶಂಭುಲಿಂಗಪ್ಪ ತಲೆ ಸಿಡಿಯುತ್ತಿದೆ ಎಂದ. ಬಿಸಿಲಿಗೆ ಎಂದು ಎರಡು ಬಾಟಲಿ ಹೆಚ್ಚು ಕುಡಿಸಿದರು. ವಾಕರಿಕೆ ಬಂತು. ನೀರು ಕಡಿಮೆಯಾಗಿದೆ ಎಂದು ಮತ್ತೆರಡು.

ನಾಲ್ಕನೆಯ ದಿನ ಬೆಳಗ್ಗೆ ನೀಲಕ್ಕ ಒಗೆದ ಧೋತರ ಹಿಡಿದು ಬಂದರೆ ಶಂಭುಲಿಂಗಪ್ಪ ಕೈ ಮುಗಿದು ಎದ್ದು ಕೂತ.

“ಬರ್ರಿ ಅಕ್ಕಾರ, ಯಾವೂರಿಂದ ಬಂದ್ರಿ? ಬೆಂಬಲ ಕೊಡಾಕ ಬಂದೀರೇನು?”

ನೀಲಕ್ಕನ ಕೈಯಿಂದ ಧೋತರ ಜಾರಿತು. “ನಾನ್ರಿ, ನೀಲಿ.”

“ನೀಲಿ…” ಅವನು ಘಟಕದ ಗೋಡೆಯ ಕಡೆ ನೋಡಿದ. “ಹೌದು, ಬಣ್ಣ ನೀಲಿನಽ ಹಚ್ಯಾರ.”

ಪೆಂಡಾಲಿನಲ್ಲಿದ್ದವರು ಇದನ್ನು ನೋಡಿ ಗಾಬರಿಯಾಗಬೇಕಲ್ಲವೇ? ಊಹೂಂ. ಎಂಬತ್ತರ ಹಿರಿಯ ಸಣ್ಣಪ್ಪ ಕಣ್ಣಲ್ಲಿ ನೀರು ತಂದುಕೊಂಡು, “ಹೆಂಡ್ತಿ ಗುರುತು ಸೈತ ಉಳದಿಲ್ಲ. ಮೋಹ ಹರೀತು ನೋಡ್ರಿ. ದೊಡ್ಡವರಾಗಾಕ್ಹತ್ಯಾರ,” ಎಂದ. ಇಬ್ಬರು ಬಂದು ಕಾಲಿಗೆ ಬಿದ್ದರು. ಒಬ್ಬ ವಿಡಿಯೋ ಮಾಡಿದ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ನೀಲಕ್ಕನನ್ನು ಬೈದಿದ್ದ, ಮರೆತಿದ್ದ, ಉಪವಾಸದ ಗದ್ದಲದಲ್ಲಿ ಎಷ್ಟೋ ಸಲ ಅಲಕ್ಷ್ಯ ಮಾಡಿದ್ದ, ಆದರೆ ಗುರುತು ಸಿಗದೆ ಯಾವತ್ತೂ ನೋಡಿರಲಿಲ್ಲ.

“ದೊಡ್ಡವರಾಗೂದು ಆಮ್ಯಾಲ, ಮೊದಲ ಡಾಕ್ಟರಿಗೆ ಫೋನ್ ಹಚ್ಚೋ ಸುಭಾಸ್ಯಾ!” ಎಂದು ಅವಳು ಚೀರಿದ ದನಿಗೆ ಸಣ್ಣಪ್ಪನ ಕಣ್ಣೀರು ಅಲ್ಲಿಯೇ ನಿಂತಿತು.

ಸರ್ಕಾರಿ ದವಾಖಾನೆಯ ಡಾಕ್ಟರ್ ತಹಸೀನ್ ಚಿಕ್ಕ ವಯಸ್ಸಿನವಳು, ಸಿಟ್ಟು ಮೂಗಿನ ತುದಿಯಲ್ಲಿ. ಬಂದವಳೇ ರಕ್ತ ತೆಗೆದು ನವಲಗುಂದಕ್ಕೆ ಬೈಕಿನಲ್ಲಿ ಕಳಿಸಿದಳು, ಆಂಬ್ಯುಲೆನ್ಸ್ ಕರೆಸಿ ಪೆಂಡಾಲಿನ ಬಾಯಿಗೆ ನಿಲ್ಲಿಸಿದಳು, ಖಾಲಿ ಬಾಟಲಿಗಳ ರಾಶಿ ನೋಡಿದಳು. ಹನ್ನೊಂದು ಗಂಟೆಗೆ ರಿಪೋರ್ಟ್ ಫೋನಿಗೆ ಬಂತು.

“ಸೋಡಿಯಂ ನೂರಾ ಇಪ್ಪತ್ತಾರಕ್ಕ ಇಳದೈತಿ. ನೂರಾ ಮೂವತ್ತೈದರ ಮ್ಯಾಲ ಇರಬೇಕು. ಪೊಟ್ಯಾಸಿಯಮ್ಮೂ ಕಡಿಮಿ. ಯಾರು ಇವರಿಗೆ ಇಷ್ಟು ನೀರು ಕುಡಿಸಿದವರು?”

“ಪೊಟ್ಯಾಷ್ ನಮ್ಮ ಅಂಗಡ್ಯಾಗ ಐತ್ರಿ ಮೇಡಂ,” ಎಂದ ಸುಭಾಸ ಮುಂದೆ ಬಂದು. “ಐವತ್ತು ಕೆಜಿ ಚೀಲ.”

ಡಾಕ್ಟರ್ ಅವನನ್ನು ಒಮ್ಮೆ ನೋಡಿ ನೀಲಕ್ಕನ ಕಡೆ ತಿರುಗಿದಳು. “ಅಕ್ಕಾರ, ನೀವು ಸಾಲಿಯೊಳಗ ಸಾರು ಮಾಡ್ತೀರಿ. ಹದವಾದ ಸಾರಿಗೆ ಎರಡು ಕೊಡ ನೀರು ಸುರಿದ್ರ ಏನಾಕ್ಕತಿ?”

“ಸಪ್ಪಗಾಕ್ಕತ್ರಿ.”

“ಇವರ ರಕ್ತಾನೂ ಸಪ್ಪಗಾಗೇತಿ. ಬೆವರಿನಾಗ ಉಪ್ಪು ಹೋತು, ಊಟ ಇಲ್ಲದ್ದಕ್ಕ ಹೊಸಾ ಉಪ್ಪು ಬರಲಿಲ್ಲ, ಮ್ಯಾಲ ಬರೇ ನೀರು. ಹೆಚ್ಚಿನ ನೀರು ಹೊರಗ ಹಾಕಾಕ ಮೂತ್ರಪಿಂಡಕ್ಕೂ ಒಂದಿಷ್ಟು ಉಪ್ಪು ಬೇಕು, ಅದೂ ಇಲ್ಲ. ಆವಾಗ ನೀರು ಮೈಯಾಗಿನ ಕಣಕಣಕ್ಕ ನುಗ್ಗತೈತಿ. ನೆನಿ ಹಾಕಿದ ಕಡ್ಲಿ ಉಬ್ಬತಾವಲ್ಲ, ಹಂಗ. ಬ್ಯಾರೆ ಕಡೆ ಉಬ್ಬಾಕ ಜಾಗಾ ಐತಿ. ಮಿದುಳು ಉಬ್ಬಿದ್ರ ಎಲ್ಲಿಗೆ ಹೋಗಬೇಕು? ತಲಿಬುರುಡಿ ಹಿಗ್ಗಂಗಿಲ್ಲ. ಅದಕ್ಕಽ ನಿಮ್ಮ ಗುರುತು ಸಿಗವಲ್ದು. ಮೋಹ ಹರದಿದ್ದಲ್ಲ ಇದು, ಉಪ್ಪು ತೀರಿದ್ದು.”

“ಈಗೇನು ಮಾಡೂದ್ರಿ?”

“ಈ ನೀರು ಬಂದ್. ದವಾಖಾನಿಗೆ ಒಯ್ದು ಸಲಾಯಿನ್ ಹಚ್ಚಬೇಕು, ಇಲ್ಲಂದ್ರ ಉಪ್ಪು ಕೊಡಬೇಕು, ನಿಧಾನಕ್ಕ.”

ಉಪ್ಪು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅರೆಗಣ್ಣಿನಲ್ಲಿ ಮಲಗಿದ್ದ ಶಂಭುಲಿಂಗಪ್ಪ ಲಿಂಗ ಹಿಡಿದುಕೊಂಡು ಎದ್ದು ಕೂತ. ಹೆಂಡತಿಯ ಗುರುತು ಮರೆತವನಿಗೆ ಆಣೆ ಮಾತ್ರ ಅಕ್ಷರ ತಪ್ಪದೆ ನೆನಪಿತ್ತು. “ಉಪ್ಪು ಬ್ಯಾಡ! ಲಿಂಗದಾಣಿ!”

ಸಭೆ ಕೂಡಿತು. ಮನುಷ್ಯ ಮಲಗಿದ್ದಾನೆ, ಊರಿನ ಬುದ್ಧಿವಂತರು ಚರ್ಚೆಗೆ ಕೂತರು. ಸಲಾಯಿನ್ ಎಂದರೆ ಉಪ್ಪುನೀರು, ಆದರೆ ನಾಲಿಗೆಗೆ ಬೀಳುವುದಿಲ್ಲ, ಆದ್ದರಿಂದ ನಡೆಯುತ್ತದೆ ಎಂದರು ಕೆಲವರು. ನರದಲ್ಲಿ ಹೋದರೂ ಉಪ್ಪು ಉಪ್ಪೇ ಎಂದರು ಕೆಲವರು. ಸಣ್ಣಪ್ಪ ಸೈಂಧವ ಲವಣದ ಪಕ್ಷ ಹಿಡಿದ. “ಏಕಾದಶಿ ಮಾಡವ್ರ ಮನ್ಯಾಗ ಸಾಬೂದಾಣಿಗೆ ಸೈಂಧವ ಹಾಕ್ತಾರ. ಅದು ಉಪ್ಪಲ್ಲ, ಕಲ್ಲು,” ಎಂಬುದು ಅವನ ವಾದ. “ಅವರ ಏಕಾದಶಿ ನಮಗ್ಯಾಕ?” ಎಂದು ಇನ್ನೊಬ್ಬ ಎದ್ದ. ಸುಭಾಸನಿಗೆ ಬೇರೆ ಚಿಂತೆ. ಈಗ ದವಾಖಾನೆಗೆ ಒಯ್ದರೆ ಪೆಂಡಾಲು ಖಾಲಿ, ಹೋರಾಟ ಠುಸ್, ಬೀಗ ಹಾಗೇ ಉಳಿಯುತ್ತದೆ.

“ಇಳಿಹೊತ್ತಿನ ಮೂರು ಗಂಟೆ ತನಕ ನೋಡ್ತೀನಿ,” ಎಂದಳು ತಹಸೀನ್, ವಾಚು ತೋರಿಸಿ. “ನಾ ಇಲ್ಲೇ ಕುಂತಿರ್ತೀನಿ. ವಾಂತಿ ಆದ್ರ, ಕೈಕಾಲು ಸೆಟದ್ರ, ಆ ಕ್ಷಣ ಎತ್ತಿ ಗಾಡಿಯಾಗ ಹಾಕಸ್ತೀನಿ. ಆಮ್ಯಾಲ ಲಿಂಗಾನೂ ಕೇಳಂಗಿಲ್ಲ, ಸಂಘಾನೂ ಕೇಳಂಗಿಲ್ಲ.”

ನೀಲಕ್ಕ ಸೆರಗು ನಡುವಿಗೆ ಸಿಕ್ಕಿಸಿ ಪೆಂಡಾಲಿನ ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡು ಮೊದಲು ಬಾಟಲಿಗಳ ರಾಶಿಯನ್ನು, ಆಮೇಲೆ ಬಾಟಲಿ ಹಿಡಿದು ಫೋಟೋಕ್ಕೆ ಸಾಲು ನಿಂತವರನ್ನು ಹೊರಗೆ ಗುಡಿಸಿದಳು. ನಂತರ ಶಾಲೆಯ ಅಡುಗೆಮನೆಯ ಕಡೆ ನಡೆದಳು. ಬೇಸಿಗೆ ರಜೆ, ಬೀಗದಕೈ ಅವಳ ಸೊಂಟದಲ್ಲೇ ಇತ್ತು. ಜೊತೆಯ ಅಡುಗೆಯವಳಾದ ಜರೀನಾಬಿಯನ್ನು ಕೂಗಿ ಕರೆದು, ಬೋರಿನಿಂದ ನಾಲ್ಕು ಕೊಡ ತರಿಸಿ, ದೊಡ್ಡ ಡಬರಿಗೆ ಸುರಿದು ಒಲೆ ಹೊತ್ತಿಸಿದಳು.

“ಅನ್ನಕ್ಕಿಡಾಕ್ಹತ್ತೀಯೇನಬೇ?” ಎಂದಳು ಜರೀನಾಬಿ.

“ನೀರಿಗಿಟ್ಟೀನಿ. ನಾಕು ಕೊಡ ಒಂದು ಕೊಡ ಆಗಬೇಕು. ಉರಿ ಹಚ್ಚು.”

ಎರಡೂವರೆ ತಾಸು ಕುದಿಯಿತು. ಕುದಿದ ಹಾಗೆ ಡಬರಿಯ ಅಂಚಿಗೆ ಸುಣ್ಣ ಕಟ್ಟಿತು. ಒಂದು ಕೊಡಕ್ಕೆ ಇಳಿದ ಮೇಲೆ ನೀಲಕ್ಕ ಮಲ್ಲಿನ ಬಟ್ಟೆಯಲ್ಲಿ ಎರಡು ಸಲ ಸೋಸಿದಳು. ಸುಣ್ಣ ಬಟ್ಟೆಯಲ್ಲಿ ಉಳಿಯಿತು, ಉಪ್ಪು ನೀರಿನಲ್ಲಿ ಉಳಿಯಿತು. ಜೀವಮಾನದಲ್ಲಿ ಮೊದಲ ಸಲ ಅವಳು ನಾಲಿಗೆಗೆ ಹಚ್ಚಿ ರುಚಿ ನೋಡಿದಳು, ಯಾಕೆಂದರೆ ಇವತ್ತು ಅಂದಾಜು ತಪ್ಪುವ ಹಾಗಿರಲಿಲ್ಲ. ಸಾರಿಗಿಂತ ಎರಡು ಪಟ್ಟು ಹೆಚ್ಚು ಉಪ್ಪಾಗಿತ್ತು.

ಮೂರು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಅವಳು ತಂಬಿಗೆ ಹಿಡಿದು ಪೆಂಡಾಲಿಗೆ ಬಂದಳು. ಎಲ್ಲರೂ ಸುತ್ತುಗಟ್ಟಿದರು.

“ಏನದು?” ಎಂದ ಶಂಭುಲಿಂಗಪ್ಪ ಸಂಶಯದಿಂದ.

“ನೀರು. ಊರ ಬೋರಿಂದು. ನೀರು ಬಿಟ್ಟು ಏನೂ ಮುಟ್ಟಂಗಿಲ್ಲ ಅಂದೀರಿ, ಇದು ನೀರಽ. ನಾ ಒಂದು ಹಳ್ಳು ಉಪ್ಪು ಹಾಕಿಲ್ಲ. ಜರೀನಾನ್ನ ಕೇಳ್ರಿ.”

ಅವನು ಬೆರಳದ್ದಿ ನೆಕ್ಕಿ ಮುಖ ಕಿವುಚಿದ. “ಉಪ್ಪೈತಿ!”

“ಉಪ್ಪೈತಿ ಅಂತ ಯಾರು ಹೇಳ್ಯಾರ?” ನೀಲಕ್ಕ ಹಿಂದಿನ ಫ್ಲೆಕ್ಸಿಗೆ ಕೈ ತೋರಿಸಿದಳು. ಏಳನೆಯ ಇಯತ್ತೆಯಲ್ಲಿ ಪಾಠ ಓದಿದ ಹಾಗೆ ಗಟ್ಟಿಯಾಗಿ ಓದಿದಳು: “ಕೊಳವೆಬಾವಿಯ ನೀರಿನಲ್ಲಿ ಉಪ್ಪಿನ ದೋಷ ಕಂಡುಬಂದಿರುವುದಿಲ್ಲ. ಸರ್ಕಾರದ ಸಿಕ್ಕಾ ಐತಿ, ಸಾಹೇಬ್ರ ಸಹಿ ಐತಿ. ಸರ್ಕಾರದ ಲೆಕ್ಕದಾಗ ಇದರಾಗ ಉಪ್ಪಽ ಇಲ್ಲ. ಇಲ್ಲದ್ದ ಉಪ್ಪಿಗೆ ನಿಮ್ಮ ಲಿಂಗಪ್ಪ ಯಾಕ ಸಿಟ್ಟಾಗ್ತಾನ? ಕುಡೀರಿ.”

ಸಣ್ಣಪ್ಪ ತಲೆ ಕೆರೆದು, “ಕಾಯ್ದೇಶೀರ ಐತಿ,” ಎಂದ. ಸೈಂಧವ ಪಕ್ಷದವರೂ ಸಲಾಯಿನ್ ಪಕ್ಷದವರೂ ಮೊದಲ ಸಲ ಒಪ್ಪಿದರು. ತಹಸೀನ್ ತಂಬಿಗೆಯ ನೀರು ಮೂಸಿ, ರುಚಿ ನೋಡಿ, “ಇದನ್ನ ರೂಢಿ ಮಾಡಬ್ಯಾಡ್ರಿ. ಇದರಾಗ ಉಪ್ಪೊಂದಽ ಅಲ್ಲ, ಫ್ಲೋರೈಡು, ಮತ್ತೇನೇನೋ ಅದಾವು. ಇವತ್ತು, ನಾಳಿ, ಅರ್ಧರ್ಧ ವಾಟಿ, ನಾ ಹೇಳಿದಾಗಷ್ಟಽ,” ಎಂದು ಮುಖ ಆ ಕಡೆ ತಿರುಗಿಸಿದಳು. ನಗು ತಡೆದದ್ದೋ ಸಿಟ್ಟು ತಡೆದದ್ದೋ ತಿಳಿಯಲಿಲ್ಲ.

ಶಂಭುಲಿಂಗಪ್ಪ ಕುಡಿದ. ಡಾಕ್ಟರ್ ವಾಚು ನೋಡಿ ಹೇಳಿದಾಗೆಲ್ಲ ಅರ್ಧ ವಾಟಿ, ನಡುವೆ ಒಂದು ಹನಿ ಬಾಟಲಿ ನೀರೂ ಇಲ್ಲ. ಒಳಗೆ ತುಂಬಿದ್ದ ನೀರು ದಾರಿ ಹುಡುಕಿಕೊಂಡು ಹೊರಗೆ ಹೊರಟಿತು. ಇಬ್ಬರು ಹಿಡಿದುಕೊಂಡು ಅವನನ್ನು ಪೆಂಡಾಲಿನ ಹಿಂದಕ್ಕೆ ಹತ್ತು ಸಲ ಕರೆದುಕೊಂಡು ಹೋಗಬೇಕಾಯಿತು. ಮರುದಿನ ಬೆಳಗ್ಗೆ ನೀಲಕ್ಕ ಹೆದರಿ ಹೆದರಿ ಹತ್ತಿರ ಹೋಗಿ ನಿಂತಳು.

“ಏನ್ ನೋಡ್ತೀ ನೀಲಿ ಹಂಗ?” ಎಂದ ಅವನು. “ನಿನ್ನಿ ಒಗದ ಧೋತರ ಎಲ್ಲಿಟ್ಟಿ? ಒಂದು ಕೆಲಸಾ ನೆಟ್ಟಗ ಮಾಡಂಗಿಲ್ಲ.”

ನೀಲಕ್ಕ ಅಲ್ಲಿಯೇ ಕುಕ್ಕರಿಸಿ ಕೂತು ಸೆರಗು ಬಾಯಿಗೊತ್ತಿ ಅತ್ತಳು. ಮೂವತ್ತೆರಡು ವರ್ಷದಲ್ಲಿ ಈ ಮನುಷ್ಯನ ಬೈಗುಳ ಇಷ್ಟು ಸಿಹಿಯಾಗಿ ಕೇಳಿದ್ದು ಇದೇ ಮೊದಲು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬೋರಿನ ನೀರು ಕುಡಿದು ಹೋರಾಟಗಾರ ಎದ್ದು ಕೂತ ಸುದ್ದಿ ನವಲಗುಂದಕ್ಕೆ ಮುಟ್ಟಿತು, ಹತ್ತು ಗಂಟೆಗೆ ಹೇಮಂತ ಸಾಹೇಬರ ಜೀಪು ಬಂತು. ಹದಿನಾಲ್ಕು ತಿಂಗಳು ಬರದವರು, ನಾಲ್ಕು ದಿನ ಉಪವಾಸ ಕೂತಾಗ ಬರದವರು, ಈಗ ನಗುತ್ತ ಇಳಿದರು. ಕೈಯಲ್ಲಿ ಮೊದಲೇ ಸಿಕ್ಕಾ ಒತ್ತಿದ ಕಾಗದ, ಹಿಂದೆ ಫೋಟೋ ತೆಗೆಯುವವನು, ಹೆಗಲ ಚೀಲದಲ್ಲಿ ಅವರದೇ ನೀರಿನ ಬಾಟಲಿ. ಬಂದವರು ನಿಂತಲ್ಲೇ ವರದಿ ಬರೆದು, ಸಹಿ ಹಾಕಿ, ಗಟ್ಟಿಯಾಗಿ ಓದಿದರು:

“ಸದರಿ ಗ್ರಾಮದ ಕೊಳವೆಬಾವಿಯ ನೀರನ್ನು ಸೇವಿಸಿದ ಉಪವಾಸನಿರತರು ಪ್ರಜ್ಞೆ ಮರಳಿ ಗುಣಮುಖರಾಗಿದ್ದು, ಸದರಿ ನೀರು ಕುಡಿಯಲು ಯೋಗ್ಯವಷ್ಟೇ ಅಲ್ಲದೆ ಔಷಧೀಯ ಗುಣವುಳ್ಳದ್ದೆಂದು ಸಾಬೀತಾಗಿರುತ್ತದೆ. ಆದ್ದರಿಂದ ಶುದ್ಧೀಕರಣ ಘಟಕವನ್ನು ತುರ್ತಾಗಿ ಆರಂಭಿಸುವ ಅವಶ್ಯಕತೆ ಕಂಡುಬರುವುದಿಲ್ಲ.”

ಶಂಭುಲಿಂಗಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಸುಭಾಸ ನೀಲಕ್ಕನ ಕಡೆ ತಿರುಗಿ, “ನೋಡ್ದಿ ಅಕ್ಕಾ? ಎಲ್ಲಾ ಹಾಳು ಮಾಡಿಟ್ಟಿ,” ಎಂದ. ಊರೇ ಅವಳನ್ನು ನೋಡಿತು. ಗಂಡನನ್ನು ಉಳಿಸಿಕೊಂಡ ತಪ್ಪಿಗೆ ಅವಳು ಎಲ್ಲರ ಎದುರು ಅಪರಾಧಿಯಾಗಿ ನಿಂತಳು. ಜೂನ್‌ನಲ್ಲಿ ಶಾಲೆ ತೆರೆದಾಗ ಇದೇ ನೀರನ್ನು ಮಕ್ಕಳ ಗ್ಲಾಸಿಗೆ ಹಾಕಬೇಕಾದವಳು ಅವಳೇ.

ಅವಳು ಮನೆಗೆ ಹೋದಳು. ಐದು ನಿಮಿಷಕ್ಕೆ ತಾಟು ಹಿಡಿದು ಬಂದಳು. ತಾಟಿನಲ್ಲಿ ಒಂದು ಬೆಲ್ಲದ ಹೆಂಟೆ, ತೊಳೆದ ಹಿತ್ತಾಳೆ ತಂಬಿಗೆ.

“ಬರ್ರಿ ಸಾಹೇಬ್ರ, ಬಿಸಲಾಗ ಬಂದೀರಿ. ಮೊದಲ ಬೆಲ್ಲ-ನೀರು ತಗೋರಿ.”

ಈ ಸೀಮೆಯಲ್ಲಿ ಬಂದವರಿಗೆ ಮೊದಲು ಕೊಡುವುದು ಬೆಲ್ಲ ಮತ್ತು ನೀರು. ವೈರಿ ಬಂದರೂ ಕೊಡಬೇಕು, ವೈರಿಯಾದರೂ ತೆಗೆದುಕೊಳ್ಳಬೇಕು. ಬೇಡವೆಂದರೆ ನಿನ್ನ ಮನೆಯ ನೀರು ನನಗೆ ವಿಷ ಎಂದಂತೆ. ಧಾರವಾಡ ಜಿಲ್ಲೆಯವರೇ ಆದ ಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೈ ಚೀಲದ ಬಾಟಲಿಯ ಕಡೆ ಹೋದದ್ದು ಅರ್ಧಕ್ಕೆ ನಿಂತಿತು.

“ಇದು ಯಾವ ನೀರು?”

“ಔಷಧಿ ನೀರು ಸಾಹೇಬ್ರ, ನೀವಽ ಬರದದ್ದು. ಕುದಿಸಿಲ್ಲ, ಸೋಸಿಲ್ಲ. ನಿಮ್ಮ ಪ್ರಮಾಣಪತ್ರದಾಗ ಹೆಂಗೈತಿ ಹಂಗಽ ಐತಿ.”

ಮೂವತ್ತು ಮೊಬೈಲುಗಳು ಮೇಲೆದ್ದವು. ಸಾಹೇಬರು ಕರೆತಂದ ಫೋಟೋದವನೂ ಚಟಕ್ಕೆ ಬಿದ್ದು ಕ್ಯಾಮೆರಾ ಎತ್ತಿದ. ಸಾಹೇಬರು ಬೆಲ್ಲ ಕಚ್ಚಿದರು, ತಂಬಿಗೆ ಎತ್ತಿದರು, ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡರು. ಗುಟುಕು ಬಾಯಲ್ಲೇ ಉಳಿಯಿತು. ಕೆನ್ನೆ ಉಬ್ಬಿತು, ಕಣ್ಣು ಅಗಲವಾದವು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

“ನುಂಗ್ರಿ ಸಾಹೇಬ್ರ, ನಮ್ಮ ಮಕ್ಳು ದಿನಾ ನುಂಗತಾವು,” ಎಂದಳು ನೀಲಕ್ಕ. “ಒಲಿ ಮ್ಯಾಲ ಅದಽ ನೀರಿನ ಚಹಾನೂ ಇಟ್ಟೀನಿ. ಮಧ್ಯಾಹ್ನ ಊಟಕ್ಕ ಬ್ಯಾಳಿ ಹಾಕೀನಿ. ಔಷಧಿ ಗುಣ ಪೂರಾ ತಿಳಿಯೂತನಕ ನಮ್ಮನಿಯಾಗಽ ಇರ್ರಿ. ಎಂಟು ದಿನಾ ಆಗಲಿ.”

ಎಂಟು ದಿನ ಎಂಬ ಮಾತಿಗೆ ಗುಟುಕು ಹೊರಗೆ ಬಂತು, ನೇರ ವರದಿಯ ಮೇಲೆ. ಸಿಕ್ಕಾ ಕರಗಿತು, ಸಹಿ ಹರಡಿತು. ಪೆಂಡಾಲು ಬಿದ್ದು ಬಿದ್ದು ನಕ್ಕಿತು. ತಹಸೀನ್ ಈ ಸಲ ನಗು ತಡೆಯಲಿಲ್ಲ. ಮೊಬೈಲುಗಳು ಇನ್ನೂ ಎತ್ತಿಯೇ ಇದ್ದವು, ಸಾಹೇಬರು ಅವುಗಳನ್ನು ನೋಡಿದರು, ಬಾಯಿ ಒರೆಸಿಕೊಂಡರು, ಡ್ರೈವರನನ್ನು ಕರೆದರು. ಬೀಗದಕೈ ಹದಿನಾಲ್ಕು ತಿಂಗಳಿಂದ ಜೀಪಿನ ಡ್ಯಾಶ್‌ಬೋರ್ಡಿನಲ್ಲೇ ಇತ್ತು, ತಂಬಾಕಿನ ಚೀಟಿಗಳ ಕೆಳಗೆ.

“ಇದು ಉದ್ಘಾಟನೆ ಅಲ್ಲ,” ಎಂದರು ಸಾಹೇಬರು ಬೀಗ ತೆಗೆಯುತ್ತ. “ಪ್ರಾಯೋಗಿಕ ಚಾಲನೆ.” ಮೂರನೆಯ ಕಲ್ಲಿನ ಮೇಲಿನ ಬಟ್ಟೆಯನ್ನು ತಾವೇ ಸರಿಯಾಗಿ ಮುಚ್ಚಿದರು.

ಯಂತ್ರ ಗುರುಗುಟ್ಟಿತು, ನಳದಲ್ಲಿ ನೀರು ಬಂತು. ಶಂಭುಲಿಂಗಪ್ಪ ಹನ್ನೆರಡನೆಯ ಫೋಟೋಕ್ಕೆ ಧೋತರ ಸರಿಮಾಡಿಕೊಂಡು ಕೂತ, ಆದರೆ ಎಲ್ಲರೂ ಕೊಡ ಹಿಡಿದು ನಳದ ಕಡೆ ಓಡಿದ್ದರಿಂದ ತೆಗೆಯುವವರು ಯಾರೂ ಇರಲಿಲ್ಲ. ಡಾಕ್ಟರ್ ಹೇಳಿದಂತೆ ಎರಡು ದಿನ ಗಂಜಿ ಕುಡಿದು, ಮೂರನೆಯ ದಿನ ಮಧ್ಯಾಹ್ನ ಅವನು ಮನೆಯಲ್ಲಿ ಊಟಕ್ಕೆ ಕೂತ.

ಅವತ್ತು ಮನೆಯಲ್ಲಿ ಬಹಳ ದಿನದ ಮೇಲೆ ಒಗ್ಗರಣೆ ಸಿಡಿದಿತ್ತು. ಹೊಸ ನೀರಿನಲ್ಲಿ ಬೇಳೆ ಅರ್ಧ ತಾಸಿಗೇ ಬೆಂದು ಬೆಣ್ಣೆಯಾಗಿತ್ತು. ನೀಲಕ್ಕ ಡಬ್ಬಿಗೆ ಕೈ ಹಾಕಿ, ಮನೆಯ ಸಾರಿಗೆ ಬೇಕಾದಷ್ಟು ಎತ್ತಿ, ಎರಡು ಪಾಲು ಡಬ್ಬಿಗೆ ಬಿಟ್ಟು, ಉಳಿದದ್ದನ್ನು ಹತ್ತೊಂಬತ್ತು ವರ್ಷದ ಕೈಯಲ್ಲಿ ಬೀಸಿದ್ದಳು. ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡ ಶಂಭುಲಿಂಗಪ್ಪ ಅಗಿಯುವುದನ್ನು ನಿಲ್ಲಿಸಿದ.

“ಏನಿದು ನೀಲಿ? ಉಪ್ಪಽ ಇಲ್ಲಲ್ಲ ಇದರಾಗ!”

ನೀಲಕ್ಕ ಸಿಟ್ಟಿನಿಂದ ಬಾಯಿ ತೆರೆದಳು, ನಾಲಿಗೆಗೆ ಒಂದು ಹನಿ ಹಚ್ಚಿ ನೋಡಿದಳು, ಬಾಯಿ ಮುಚ್ಚಿದಳು. ಬಾಗಿಲಲ್ಲಿ ಆಗಲೇ ಓಣಿಯ ನಾಲ್ಕು ಹೆಂಗಸರು ಸಾರಿನ ವಾಟಿ ಹಿಡಿದು ನಿಂತಿದ್ದರು. ಎಲ್ಲರ ಮನೆಯಲ್ಲೂ ಮೂರು ದಿನದಿಂದ ಸಾರು ಸಪ್ಪೆ, ಇವತ್ತು ಗಂಡಸರು ತಾಟು ಸರಿಸಿ ಎದ್ದಿದ್ದಾರೆ, ಎಷ್ಟು ಉಪ್ಪು ಹಾಕಬೇಕು ಹೇಳಬೇ ಎಂದು ಕೇಳಲು ಬಂದಿದ್ದರು.

“ನನಗೂ ಗೊತ್ತಿಲ್ರವಾ,” ಎಂದಳು ನೀಲಕ್ಕ. ಉಪ್ಪಿನ ಡಬ್ಬಿಯನ್ನು ಎತ್ತಿ ಗಂಡನ ತಾಟಿನ ಮುಂದೆ ಕುಕ್ಕಿದಳು. “ಇಕೋ, ತಿನ್ರಿ. ನಾಳಿಂದ ನಾನೂ ಹೊಸಾ ಸೊಸಿ.”